ಗಡಿ ದಾಟುವ ಸನದು



ಕನ್ನಡ ಶಾಲೆಯಲ್ಲಿ ಓದಿದ ಮಗು ಮಹಾರಾಷ್ಟ್ರದಲ್ಲಿ ವಕೀಲನಾಗಬಲ್ಲುದೇ? ವಲಾಂಡಿಯ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರವನ್ನು ತುಸು ದೂರದಿಂದ ಹುಡುಕಲು ಬಯಸುತ್ತೇವೆ. ಒಂದು ದೇಶದ ವಕೀಲನು ಇನ್ನೊಂದು ದೇಶದಲ್ಲಿ ಸನದು ಪಡೆಯುವ ಬಗೆಯನ್ನು ಮೊದಲು ನೋಡೋಣ.

ಗಾಂಧೀಜಿಯವರು 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. 1894ರಲ್ಲಿ ದಕ್ಷಿಣ ಆಫ್ರಿಕಾದ ನಾತಾಲ್ ಸರ್ವೋಚ್ಚ ನ್ಯಾಯಾಲಯದಲ್ಲಿ ಸನದು ಕೇಳಿದಾಗ ಅಲ್ಲಿಯ ವಕೀಲರ ಸಂಘ ಅಡ್ಡ ನಿಂತಿತು. ಇಂಗ್ಲೆಂಡಿನ ಮೂಲ ಪ್ರಮಾಣಪತ್ರ ಅರ್ಜಿಯ ಜೊತೆ ಇಲ್ಲವೆಂಬುದು ಒಂದು ಆಕ್ಷೇಪ. ನಿಜವಾದ ಆಕ್ಷೇಪ ಅವರ ಮೈಬಣ್ಣದ್ದು. ಕಾನೂನು ಬಣ್ಣಬಣ್ಣದಲ್ಲಿ ಭೇದ ಮಾಡುವುದಿಲ್ಲವೆಂದು ಮುಖ್ಯ ನ್ಯಾಯಾಧೀಶರು ಅರ್ಜಿಯನ್ನು ಒಪ್ಪಿದರು. ಪ್ರಮಾಣವಚನವಾದ ಮೇಲೆ ಪೇಟ ತೆಗೆಯಬೇಕೆಂದರು, ಗಾಂಧೀಜಿ ತೆಗೆದರು. ಮುಂದಿನ ದೊಡ್ಡ ಹೋರಾಟಗಳಿಗೆ ಬಲ ಉಳಿಸಿಕೊಳ್ಳಬೇಕೆಂಬುದು ಅವರ ವಿಚಾರವಾಗಿತ್ತು.

ಇಂದು ಕೇಳುವ ಪ್ರಶ್ನೆಗಳು ಬೇರೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬಯಸುವ ಪರದೇಶದ ವಕೀಲರಿಗೆ 2021ರಿಂದ ಎಸ್‌ಕ್ಯುಇ ಎಂಬ ಎರಡು ಹಂತದ ಪರೀಕ್ಷೆಯಿದೆ: ಮೊದಲನೆಯದು ಕಾನೂನಿನ ತಿಳಿವಿಗೆ, ಎರಡನೆಯದು ಕೆಲಸದ ಕೌಶಲಕ್ಕೆ. ನಡತೆಯನ್ನೂ ಪರಿಶೀಲಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ ಹೊರದೇಶದ ಪದವಿ ಅವಧಿಯಲ್ಲಿಯೂ ವಿಷಯದಲ್ಲಿಯೂ ಅಲ್ಲಿಯದಕ್ಕೆ ಸಮವೇ ಎಂದು ನೋಡುತ್ತಾರೆ. ಕೊರತೆಯಿದ್ದರೆ ಅಮೆರಿಕದಲ್ಲಿ ಎಲ್‌ಎಲ್‌ಎಂ ಓದಿ ತುಂಬಿಕೊಳ್ಳಬಹುದು.

ನಮ್ಮ ದೇಶ ಇನ್ನೂ ಬಿಗಿ. 1961ರ ವಕೀಲರ ಅಧಿನಿಯಮದಂತೆ, ಯಾವ ದೇಶ ಭಾರತೀಯರಿಗೆ ವಕೀಲಿಗೆ ಅವಕಾಶ ಕೊಡುವುದೋ ಆ ದೇಶದವರಿಗೆ ಮಾತ್ರ ಇಲ್ಲಿ ಸನದು. ಹೊರಗಿನ ವಕೀಲರು ಇಲ್ಲಿ ವೃತ್ತಿ ನಡೆಸುವಂತಿಲ್ಲ, ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಲು ಬಂದು ಹೋಗಬಹುದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಬಾರ್ ಕೌನ್ಸಿಲಿನ 2023ರ ನಿಯಮಗಳು ನೋಂದಣಿಗೆ ದಾರಿ ತೆರೆದವು. ಕೋರ್ಟಿನಲ್ಲಿ ವಾದಿಸುವ ಬಾಗಿಲು ಮಾತ್ರ ಮುಚ್ಚಿಯೇ ಇದೆ.

ಇನ್ನು ನಮ್ಮ ಮನೆಯ ಮಾತು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು. ಹೈದರಾಬಾದ್ ಸಂಸ್ಥಾನದಲ್ಲಿ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಬಂದವು. ಬೀದರ, ಭಾಲ್ಕಿ ಮೈಸೂರಿಗೆ ಹೋದವು. ನಿಜಾಮರ ಕಾಲದ ಕಚೇರಿಯ ಭಾಷೆ ಉರ್ದು. ಅಂದಿನ ಹೊಲಮನೆಯ ಕಾಗದ ಓದಿಸಲು ಇಂದಿಗೂ ಉರ್ದು ಬಲ್ಲವರನ್ನು ಹುಡುಕಬೇಕು.

ಆದರೆ ಈ ಗಡಿ ವಕೀಲರಿಗೆ ಪರದೇಶದ ಗಡಿಯಲ್ಲ. ಒಂದು ರಾಜ್ಯದ ಬಾರ್ ಕೌನ್ಸಿಲಿನಲ್ಲಿ ಹೆಸರು ದಾಖಲಾದವರು ದೇಶದ ಯಾವ ನ್ಯಾಯಾಲಯದಲ್ಲಿಯೂ ನಿಲ್ಲಬಹುದೆಂದು ಅದೇ ಅಧಿನಿಯಮದ 30ನೆಯ ಕಲಮು ಹೇಳುತ್ತದೆ. 1961ರಲ್ಲಿ ಬರೆದ ಈ ಕಲಮು ಜಾರಿಗೆ ಬಂದದ್ದು 2011ರಲ್ಲಿ. ಐವತ್ತು ವರ್ಷ ಏಕೆ ಕಾಯಿಸಿದರೋ! ಸನದು ಕೊಡುವಾಗ ಕಾನೂನು ಪದವಿ ನೋಡುತ್ತಾರೆ, ಶಾಲೆಯ ಮಾಧ್ಯಮ ಕೇಳುವುದಿಲ್ಲ. ಅನಂತರದ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.

ಇಷ್ಟಕ್ಕೆ ನಿಶ್ಚಿಂತರಾಗಬೇಡಿ. ಮಹಾರಾಷ್ಟ್ರದಲ್ಲಿ ಕಾನೂನು ಪದವಿಯ ಪ್ರವೇಶ ಪರೀಕ್ಷೆ ಇಂಗ್ಲಿಷ್ ಮತ್ತು ಮರಾಠಿಯಲ್ಲಿದೆ. ಕೆಳಗಿನ ನ್ಯಾಯಾಲಯಗಳ ಭಾಷೆ ಮರಾಠಿ. ಮಕ್ಕಳು ಮರಾಠಿಯನ್ನು ಅಂಕಗಳಿಗಾಗಿ ಓದಿದರೆ ಸಾಲದು. ಅದರಲ್ಲಿ ಅರ್ಜಿ ಬರೆಯುವಷ್ಟು ಕಲಿಯಬೇಕು. ನಿಲಂಗಾದಲ್ಲಿ ಮರಾಠಿಯ ಕಾಗದ, ಭಾಲ್ಕಿಯಲ್ಲಿ ಕನ್ನಡದ ಕಾಗದ. ಗಡಿಯ ಎರಡೂ ಬದಿಗೆ ಹೊಲವಿರುವ ಮನೆತನಕ್ಕೆ ಎರಡನ್ನೂ ಓದಬಲ್ಲ ವಕೀಲರೇ ಬೇಕು.