ಫೋನ್ ಎತ್ತದ ತಮ್ಮ

ಇವತ್ತು ಮಾತಾಡಲು ಹೊರಟಿರುವ ವಿಷಯವನ್ನು ನಮ್ಮ ಮನೆಯಲ್ಲಿ ಬಹಳ ಕಾಲ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಥಾಣೆಯ ನಮ್ಮ ಮನೆಗೆ ಬಂದ ನೆಂಟರು "ನಿಮ್ಮ ತಮ್ಮ ದುಬಾಯಿಯಲ್ಲೇ ಇದ್ದಾನಾ?" ಎಂದು ಕೇಳಿದರೆ ಅಮ್ಮ "ಹೌದು, ಅವನಿಗೆ ಕೆಲಸ ಜಾಸ್ತಿ" ಎಂದು ಹೇಳಿ ಚಹಾ ಮಾಡಲು ಎದ್ದು ಹೋಗುತ್ತಿದ್ದರು. ಮಾವನ ಫೋನ್ ಬಂದು ಆಗ ವರ್ಷ ಕಳೆದಿತ್ತು. ಊರಿನ ಜಾಗದ ಪಾಲಿನ ವಿಷಯದಲ್ಲಿ ದೊಡ್ಡ ಮಾವನ ಜೊತೆ ಮಾತಿಗೆ ಮಾತು ಬೆಳೆದದ್ದು ಗೊತ್ತಿತ್ತು. ಅದಕ್ಕೂ ಮೊದಲೇ ಈ ಚಿಕ್ಕ ಮಾವನ ಕುಡಿತ ಹೆಚ್ಚಾಗಿತ್ತು, ರಾತ್ರಿ 2 ಗಂಟೆಗೆ ಫೋನ್ ಮಾಡಿ ಅಳುತ್ತಿದ್ದರು. ಆಮೇಲೆ ನಂಬರೇ ಬಂದ್ ಆಯಿತು.

ಮುಂಬಯಿಯ ನಮ್ಮ ಕನ್ನಡದ ಜನಕ್ಕೆ, ಒಬ್ಬರು ಹೀಗೆ ಮನೆಯಿಂದ ದೂರವಾಗುವುದು ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯಲ್ಲಿ ಜಗಳವಾಡಿ ಹುಡುಗರು ಓಡಿಬರುತ್ತಿದ್ದದ್ದೇ ಮುಂಬಯಿಗೆ. ಮಂಗಳೂರಿನಿಂದ ಹಡಗು ಹತ್ತಿದವ ಫೋರ್ಟಿನಲ್ಲೋ ಮಾಟುಂಗದಲ್ಲೋ ಯಾವುದಾದರೊಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುತ್ತಾನೆ ಎಂದು ಊರಿಗೆ ಗೊತ್ತಿತ್ತು. ಊರಿನವರೊಬ್ಬರ ಬಳಿ ಒಂದು ಮಾತು ಹೇಳಿ ಕಳಿಸಿದರೆ ತಿಂಗಳೊಳಗೆ ಸುದ್ದಿ ಬರುತ್ತಿತ್ತು. ಆಮೇಲೆ ಇದೇ ಮುಂಬಯಿಯಿಂದ ವಿಮಾನ ಹತ್ತಿ ನಮ್ಮವರು ಕೊಲ್ಲಿಗೆ ಹೋದರು. ಸುದ್ದಿ ಮುಟ್ಟಿಸುವ ಆ ಹಳೆಯ ದಾರಿ ಅಲ್ಲಿಯೂ ನಡೆಯುತ್ತದೆ ಎಂದು ನಾವು ನಂಬಿದೆವು. ನಾನೂ ನಂಬಿದೆ. ಅಲ್ಲಿ ನಾನು ದೊಡ್ಡ ತಪ್ಪು ಮಾಡಿದೆ.

ಮಾವನ ಫೋಟೋ ಹಾಕಿ, "ಇವರನ್ನು ಕಂಡವರು ದಯವಿಟ್ಟು ತಿಳಿಸಿ" ಎಂದು ಬರೆದು, ಸಿಕ್ಕಸಿಕ್ಕ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಕಳಿಸಿದೆ. ಎರಡೇ ದಿನದಲ್ಲಿ ಅದು ಶಾರ್ಜಾದಲ್ಲಿ ಮಾವ ಇದ್ದ, ಒಂದು ಮಂಚದ ಜಾಗವಷ್ಟೇ ಬಾಡಿಗೆಗೆ ಸಿಗುವ ಬೆಡ್‌ಸ್ಪೇಸಿನ ರೂಮಿಗೂ ಮುಟ್ಟಿತ್ತು. ಅವರು ಮಾಡಿದ್ದೇನು ಗೊತ್ತೇ? ಆ ರಾತ್ರಿಯೇ ಚೀಲ ಕಟ್ಟಿಕೊಂಡು ಬೇರೆ ಕಡೆಗೆ ಹೋದರು. ಸಾಲ ಕೊಟ್ಟವರು ಹುಡುಕುತ್ತಿದ್ದರು, ವೀಸಾ ಮುಗಿದಿತ್ತು, ಕೆಲಸ ಹೋಗಿ ಒಂದೂವರೆ ವರ್ಷವಾಗಿತ್ತು. ಅವರು ಅಡಗಿದ್ದು ಪೊಲೀಸರಿಗೆ ಹೆದರಿ ಮಾತ್ರವಲ್ಲ, ಹೆಚ್ಚಾಗಿ ಊರಿನವರ ಕಣ್ಣಿಗೆ ಹೆದರಿ. ನಾನು ಅದೇ ಕಣ್ಣುಗಳನ್ನು ಸಾವಿರದ ಲೆಕ್ಕದಲ್ಲಿ ಅವರ ಬಾಗಿಲಿಗೆ ಕಳಿಸಿದ್ದೆ. ಅದಕ್ಕೇ ಮೊದಲು ಇದನ್ನು ಹೇಳುತ್ತೇನೆ: ಮನೆಯಿಂದ ದೂರವಾದವರ ಫೋಟೋ ಹಂಚಬೇಡಿ. ಜೀವಕ್ಕೇ ಅಪಾಯ ಎಂಬ ಸುಳಿವಿದ್ದರೆ ಮಾತು ಬೇರೆ. ಉಳಿದಂತೆ, ಅಲ್ಲಿರುವ ನಂಬಿಕಸ್ತ ಒಬ್ಬರು ಸಾಕು. ಕರ್ನಾಟಕ ಸಂಘ ದುಬೈ, ಕರ್ನಾಟಕ ಸಂಘ ಕತಾರ್, ಕನ್ನಡ ಸಂಘ ಬಹರೈನ್‌ನಂಥ ಸಂಘಗಳಲ್ಲಿ ಆಸ್ಪತ್ರೆ, ಜೈಲು, ಶವ ಸಾಗಣೆ ಎಂದು ಓಡಾಡಿ ಪಳಗಿದವರು ಇರುತ್ತಾರೆ. ಅಂಥ ಒಬ್ಬರಿಗೆ ಫೋನ್ ಮಾಡಿ, ಗುಂಪಿಗೆ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳಿ.

ಕೊಲ್ಲಿಯಲ್ಲಿ ಮನುಷ್ಯ ಯಾಕೆ ಮಾಯವಾಗುತ್ತಾನೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಲ್ಲಿ ವೀಸಾ ನಿಂತಿರುವುದು ಕೆಲಸದ ಮೇಲೆ. ಕೆಲಸ ಬಿಟ್ಟು ಹೋದನೆಂದು ಮಾಲೀಕ ದೂರು ಕೊಟ್ಟರೆ ಯುಎಇಯಲ್ಲಿ "ಅಬ್ಸ್ಕಾಂಡಿಂಗ್" ಎನ್ನುತ್ತಾರೆ, ಸೌದಿಯಲ್ಲಿ "ಹುರೂಬ್". ಒಮ್ಮೆ ಹುರೂಬ್ ಬಿದ್ದರೆ ಬೇರೆ ಕೆಲಸ ಹಿಡಿಯುವುದು, ದೇಶ ಬಿಡುವುದು ಎರಡೂ ಕಷ್ಟ. ಬ್ಯಾಂಕಿನ ಸಾಲಕ್ಕೆ ಕೇಸಾದರೆ ಟ್ರಾವೆಲ್ ಬ್ಯಾನ್ ಬರಬಹುದು. ಯುಎಇಯಲ್ಲಿ ವೀಸಾ ಮುಗಿದ ಮೇಲೆ ದಿನದ ಲೆಕ್ಕದಲ್ಲಿ ದಂಡ ಏರುತ್ತಲೇ ಹೋಗುತ್ತದೆ. ಹೀಗೆ ಸಿಕ್ಕಿಬಿದ್ದವನಿಗೆ "ಒಂದು ಸಲ ಮನೆಗೆ ಬಾ" ಎಂದರೆ ಆ ಮಾತೇ ಚುಚ್ಚುತ್ತದೆ. ಬರಲು ಆಗುವುದಿಲ್ಲವಲ್ಲ. ಮೊದಲು ಬಿಡಿಸಬೇಕಾದದ್ದು ಆ ಗಂಟನ್ನು. ಯುಎಇ ಸರಕಾರ ಆಗಾಗ ಕ್ಷಮಾದಾನದ ಅವಧಿ ಘೋಷಿಸುತ್ತದೆ. 2018ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಒಂದು, 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಇತ್ತು. ದಂಡವಿಲ್ಲದೆ ದೇಶ ಬಿಡಲು ಅಥವಾ ಕಾಗದಪತ್ರ ಸರಿಮಾಡಿಕೊಳ್ಳಲು ಆಗ ದಾರಿ ತೆರೆಯುತ್ತದೆ. ನಮ್ಮ ಮಾವ ಬಂದದ್ದು 2018ರ ಆ ಬಾಗಿಲಿನಿಂದಲೇ. ಪಾಸ್‌ಪೋರ್ಟ್ ಕೈಯಲ್ಲಿಲ್ಲದವರಿಗೆ ಭಾರತದ ಕಾನ್ಸುಲೇಟ್ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅಲ್ಲಿಯವರ ಬಾಯಲ್ಲಿ ಅದು "ಔಟ್ ಪಾಸ್".

ಇಲ್ಲಿ, ಮುಂಬಯಿಯಲ್ಲಿ, ನೀವು ಹೋಗಬೇಕಾದ್ದು ಎಲ್ಲಿಗೆ? ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ವಿದೇಶ ಭವನ ಎಂಬ ಕಟ್ಟಡವಿದೆ. 2017ರಲ್ಲಿ ಆರಂಭವಾದದ್ದು. ವಿದೇಶಾಂಗ ಸಚಿವಾಲಯದ ಶಾಖೆ, ಪಾಸ್‌ಪೋರ್ಟ್ ಕಚೇರಿ, ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವವರ ಹಿತ ನೋಡುವ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ, ಮೂರೂ ಅದೇ ಸೂರಿನಡಿ ಇವೆ. ಏಜೆಂಟನ ಮೂಲಕ ಹೋದವರಾದರೆ ಈ ಮೂರನೆಯದು ಮುಖ್ಯ. ಹಡಗಿನಲ್ಲಿ ಕೆಲಸ ಮಾಡುವವರದ್ದಾದರೆ ಕಾಂಜುರ್‌ಮಾರ್ಗ್‌ನಲ್ಲಿರುವ ಶಿಪ್ಪಿಂಗ್ ಮಹಾನಿರ್ದೇಶನಾಲಯಕ್ಕೆ ಬರೆಯಬೇಕು. ಮನೆಯಲ್ಲಿ ಕೂತೇ ಮಾಡಬಹುದಾದ ಕೆಲಸ ಎಂದರೆ ಸರಕಾರದ "ಮದದ್" ಪೋರ್ಟಲಿನಲ್ಲಿ ದೂರು ಹಾಕುವುದು. 2015ರಿಂದ ಇದೆ. ನಿಮ್ಮ ದೂರು ನೇರವಾಗಿ ಆ ದೇಶದ ರಾಯಭಾರ ಕಚೇರಿಗೆ ಹೋಗುತ್ತದೆ, ಒಂದು ನಂಬರ್ ಸಿಗುತ್ತದೆ, ಏನಾಯಿತು ಎಂದು ಕೇಳಲು ಆಧಾರ ಸಿಗುತ್ತದೆ.

ದೂರು ಬರೆಯುವಾಗ ನಮ್ಮವರು ಕಥೆ ಬರೆಯುತ್ತಾರೆ. ನಾನೂ ಮೊದಲು ಮೂರು ಪುಟ ಬರೆದಿದ್ದೆ, ಜಾಗದ ಪಾಲಿನ ಸಂಗತಿಯೂ ಸೇರಿ. ಅದನ್ನು ಓದುವ ಅಧಿಕಾರಿಗೆ ಬೇಕಾದದ್ದು ಒಂದು ಪುಟ. ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಕೊನೆಯ ಕಂಪನಿ, ಕೊನೆಯ ವಿಳಾಸ, ಕೊನೆಯ ಫೋನ್ ಬಂದ ದಿನ. ಪಾಸ್‌ಪೋರ್ಟ್ ನಂಬರ್ ಗೊತ್ತಿಲ್ಲದಿದ್ದರೆ ಹಳೆಯ ಪೆಟ್ಟಿಗೆ ತೆರೆಯಿರಿ. ವೀಸಾದ ಜೆರಾಕ್ಸ್, ಹಣ ಕಳಿಸಿದ ರಸೀದಿ, ವಿಮಾನದ ಟಿಕೆಟ್, ಇವುಗಳಲ್ಲಿ ಯಾವುದಾದರೊಂದರ ಮೇಲೆ ಇರಬಹುದು. ಅಮ್ಮ ದೇವರ ಕೋಣೆಯ ಡಬ್ಬಿಯಲ್ಲಿ ಮಾವನ ಮೊದಲ ವೀಸಾದ ಪ್ರತಿಯನ್ನು ಜೋಪಾನವಾಗಿ ಇಟ್ಟಿದ್ದರು. ಕಾಯಿಲೆಯ ಲಕ್ಷಣವಿದ್ದರೆ ಮುಚ್ಚಿಡಬೇಡಿ, "ನಿದ್ದೆ ಮಾಡುತ್ತಿರಲಿಲ್ಲ, ಸಾಯುವ ಮಾತಾಡುತ್ತಿದ್ದ" ಎಂದು ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಹುಚ್ಚ, ಕುಡುಕ ಎಂಬ ಪದ ಬೇಡ.

ಈಗ ಒಂದು ಕಹಿ ಮಾತು. ಕಾನ್ಸುಲೇಟಿನವರು ಆತನನ್ನು ಕಂಡುಹಿಡಿದರೂ ನಿಮಗೆ ವಿಳಾಸ ಹೇಳದಿರಬಹುದು. ಆತ ವಯಸ್ಕ, ಹೇಳಬೇಡಿ ಎಂದರೆ ಮುಗಿಯಿತು. ಜೈಲಿನ ವಿಷಯದಲ್ಲೂ ಹೀಗೆಯೇ. ವಿದೇಶದ ಜೈಲುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆಂದು ಸರಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಆದರೆ ಖಾಸಗಿತನದ ಕಾನೂನು ಬಿಗಿಯಾಗಿರುವ ಹಲವು ದೇಶಗಳು ಕೈದಿಯ ಒಪ್ಪಿಗೆ ಇಲ್ಲದೆ ಮಾಹಿತಿ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಸೇವಾ ಸಂಸ್ಥೆ 1885ರಿಂದ ಮನೆಬಿಟ್ಟವರನ್ನು ಹುಡುಕುತ್ತಾ ಬಂದಿದೆ. ಅವರದ್ದೂ ಇದೇ ನಿಯಮ, ಸಿಕ್ಕವರು ಒಪ್ಪಿದರಷ್ಟೇ ವಿಳಾಸ. ನನಗೆ ಮೊದಲು ಇದು ಕ್ರೂರ ಅನಿಸಿತ್ತು. ಈಗ ಅನಿಸುವುದಿಲ್ಲ. ಹೊಡೆಯುವ ಗಂಡನಿಂದ, ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ದೂರ ಹೋದ ಹೆಣ್ಣುಮಕ್ಕಳನ್ನೂ ಇದೇ ನಿಯಮ ಕಾಯುತ್ತದೆ. ಹಾಗಾಗಿ ವಿಳಾಸ ಕೇಳಬೇಡಿ. "ಬದುಕಿದ್ದಾನಾ, ಈ ಸಂದೇಶವನ್ನು ಅವನಿಗೆ ತಲುಪಿಸುತ್ತೀರಾ" ಎಂದು ಕೇಳಿ. ಇದಕ್ಕೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಪಟ್ಟು ಬಿಡದಿರುವುದು ಎಂದರೆ ಏನೆಂದು ತಿಳಿಯಬೇಕಾದರೆ ಮುಂಬಯಿಯ ವರ್ಸೋವಾದ ಫೌಜಿಯಾ ಅನ್ಸಾರಿಯವರನ್ನು ನೆನೆಯಬೇಕು. ಅವರದ್ದು ಮುನಿಸಿನ ಕಥೆಯಲ್ಲ. ಮಗ ಹಮೀದ್ 2012ರ ನವೆಂಬರಿನಲ್ಲಿ ಕೆಲಸಕ್ಕೆಂದು ಕಾಬೂಲಿಗೆ ಹೋದವರು ಮಾಯವಾದರು. ಮನೆಯವರು ಅವರ ಇಮೇಲ್, ಫೇಸ್‌ಬುಕ್ ಮಾತುಕತೆ ಓದಿದಾಗ, ಅವರು ಹೊರಟದ್ದು ಒಬ್ಬ ಹುಡುಗಿಗಾಗಿ ಪಾಕಿಸ್ತಾನದ ಕೋಹಾಟ್‌ಗೆ ಎಂದು ತಿಳಿಯಿತು. ತಾಯಿ ಇಲ್ಲಿಂದಲೇ ಪೇಶಾವರ ಹೈಕೋರ್ಟಿನಲ್ಲಿ ಅರ್ಜಿ ಹಾಕಿಸಿದರು. ಮಗ ಸೇನೆಯ ವಶದಲ್ಲಿದ್ದಾನೆ ಎಂಬ ಒಂದು ಸಾಲಿನ ಉತ್ತರಕ್ಕೆ 2016ರವರೆಗೆ ಕಾದರು. 2018ರ ಡಿಸೆಂಬರ್ 18ರಂದು ಹಮೀದ್ ಅಟ್ಟಾರಿ ಗಡಿ ದಾಟಿ ಬಂದರು. ಮುಂಬಯಿಯ ಪತ್ರಕರ್ತ ಜತಿನ್ ದೇಸಾಯಿ ಜೊತೆಗೆ ನಿಂತರು, ಗಡಿಯಾಚೆಗೂ ಜೀವದ ಹಂಗು ತೊರೆದು ನಿಂತವರಿದ್ದರು. ಆ ದೇಶದ ಕಾನೂನು ಬಲ್ಲ ಒಬ್ಬರು ಅಲ್ಲೇ ಇರಬೇಕು ಎಂಬುದು ನಾನು ಇದರಿಂದ ಕಲಿತದ್ದು.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಗ ಅಥವಾ ಮಗಳ ವಿಷಯವಾದರೆ ದಾರಿ ಬೇರೆ. ಇಲ್ಲಿಂದ ಅಮೆರಿಕದ ತುರ್ತು ನಂಬರ್ 911 ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ. ಆತ ಇರುವ ಊರಿನ ಪೊಲೀಸ್ ಠಾಣೆಯ ಪೂರ್ತಿ ನಂಬರ್ ಹುಡುಕಿ, "ವೆಲ್‌ಫೇರ್ ಚೆಕ್ ಮಾಡಿ" ಎಂದು ಕೇಳಬೇಕು. ಅಮೆರಿಕದಲ್ಲಿ ಪೊಲೀಸರು ಸಾಮಾನ್ಯವಾಗಿ ಮನೆಗೆ ಹೋಗಿ ಬಾಗಿಲು ತಟ್ಟಿ ನೋಡುತ್ತಾರೆ. ವಿದ್ಯಾರ್ಥಿಯಾದರೆ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೇಳಿ. ಆಸ್ಪತ್ರೆಯಲ್ಲಿದ್ದಾನೆಂದು ಗೊತ್ತಾದರೆ ಡಾಕ್ಟರರು "ನಾವು ಏನೂ ಹೇಳುವಂತಿಲ್ಲ" ಎನ್ನುತ್ತಾರೆ. ಎಷ್ಟೋ ಮಂದಿ ಅಲ್ಲಿಗೇ ಫೋನ್ ಇಡುತ್ತಾರೆ. ಇಡಬೇಡಿ. ಅಮೆರಿಕದ ಕಾನೂನು ಡಾಕ್ಟರರ ಬಾಯಿಗೆ ಕಟ್ಟು ಹಾಕಿದೆ, ಕಿವಿಗೆ ಹಾಕಿಲ್ಲ. "ನೀವು ಹೇಳುವುದು ಬೇಡ, ನಾನು ಹೇಳುವುದನ್ನು ಬರೆದುಕೊಳ್ಳಿ" ಎಂದು ಹಳೆಯ ಔಷಧಿ, ಮನೆಯಲ್ಲಿ ಬೇರೆ ಯಾರಿಗಾದರೂ ಇದ್ದ ಕಾಯಿಲೆ, ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡದ್ದು, ಎಲ್ಲ ಹೇಳಿ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ನಿಜವಾಗಿ ಕೈಯಲ್ಲಿ ಏನೂ ಇಲ್ಲದವರಿಗೆ ತುರ್ತು ಚಿಕಿತ್ಸೆ, ಉಳಿಯಲು ಜಾಗ, ವಕೀಲರ ನೆರವು, ವಾಪಸ್ ಟಿಕೆಟ್ ಇದರಿಂದ ಸಿಗುತ್ತದೆ. ಅದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ, ಆ ದೇಶದ ಪೌರತ್ವ ಪಡೆದವರಿಗಲ್ಲ. ಇನ್ನು, "ನಿಮ್ಮವರು ನನ್ನ ಹತ್ತಿರ ಇದ್ದಾರೆ, 50 ಸಾವಿರ ಹಾಕಿ" ಎಂದು ಫೋನ್ ಬಂದರೆ, ಮೊದಲು ಅವರ ದನಿ ಕೇಳಿಸಿ ಎನ್ನಿ.

ಕೊನೆಗೆ ಮಾವನಿಗೆ ಮುಟ್ಟಿದ್ದು ಅಮ್ಮನ ದನಿ. ಶಾರ್ಜಾದ ಒಬ್ಬ ಹಿರಿಯರು ಒಬ್ಬರೇ ಹುಡುಕಿಕೊಂಡು ಹೋಗಿ, ತಮ್ಮ ಫೋನಿನಲ್ಲಿ ಅಮ್ಮನ ವಾಯ್ಸ್ ಮೆಸೇಜ್ ಕೇಳಿಸಿದರು. ಅಮ್ಮ ಅದನ್ನು ಐದಾರು ಸಲ ರೆಕಾರ್ಡ್ ಮಾಡಿದ್ದರು. ಮೊದಲಿನವುಗಳಲ್ಲಿ ಅಳು, "ಯಾಕೆ ಹೀಗೆ ಮಾಡಿದೆ", "ಅಣ್ಣನ ಕ್ಷಮೆ ಕೇಳು" ಎಲ್ಲ ಇದ್ದವು. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಇಷ್ಟು: "ನಾನು ಅಕ್ಕ. ಊಟ ಆಯ್ತಾ ಮಾರಾಯ? ಬರಬೇಕೆಂದಿಲ್ಲ, ಫೋನ್ ಮಾಡಬೇಕೆಂದೂ ಇಲ್ಲ. ಮಾಡಿದರೆ ನಾನೇ ಎತ್ತುತ್ತೇನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ." ಇಪ್ಪತ್ತೊಂದನೆಯ ದಿನ ಫೋನ್ ಬಂತು.

ನವೆಂಬರಿನಲ್ಲಿ ಅವರು ಇಳಿದಾಗ ವಿಮಾನ ನಿಲ್ದಾಣಕ್ಕೆ ನಾನು ಮತ್ತು ಅಮ್ಮ ಮಾತ್ರ ಹೋದೆವು. ಊರಿಗೆ ಹೇಳಲಿಲ್ಲ. ಚಿಕಿತ್ಸೆಗೆ ಮೊದಲ ತಿಂಗಳು ಅವರು ಒಪ್ಪಲಿಲ್ಲ, ನಾವು ಎಳೆದುಕೊಂಡು ಹೋಗಲೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ರೋಗಿಯ ಒಪ್ಪಿಗೆಗೆ ಮೊದಲ ಜಾಗ ಕೊಡುತ್ತದೆ. ಈಗಾದರೆ 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಆಗ ನಮಗೆ ಅದಿರಲಿಲ್ಲ. ಅಮ್ಮ ದಿನಾ ಸಂಜೆ ಅವರ ಜೊತೆ ಉಪವನ ಕೆರೆಯ ದಂಡೆಗೆ ಹೋಗಿ ಕೂರುತ್ತಿದ್ದರು. ಒಂದು ಸಂಜೆ ಮಾವ ಅಲ್ಲೇ ಕೇಳಿದರಂತೆ, "ಅಕ್ಕ, ಆ ಡಾಕ್ಟರು ಎಷ್ಟು ಗಂಟೆಗೆ ಸಿಗುತ್ತಾರೆ?"