ಆದಿರಂಗನ ದ್ವೀಪ, ಅಲಮೇಲಮ್ಮನ ಶಾಪ

ಕಾವೇರಿ ಕವಲೊಡೆದು ಮತ್ತೆ ಕೂಡುವ ಮೂರು ಕಡೆ ರಂಗನಾಥ ಪವಡಿಸಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ದ್ವೀಪಗಳೇ. ಇವುಗಳಲ್ಲಿ ಮೊದಲನೆಯದರ ಕಥೆಯನ್ನು ಇಂದು ಕೇಳೋಣ.

ಗೌತಮ ಋಷಿಯ ತಪಸ್ಸಿಗೆ ಒಲಿದು ಸ್ವಾಮಿ ಇಲ್ಲಿ ನೆಲೆಸಿದನೆಂದು ಸ್ಥಳಪುರಾಣ ಹೇಳುತ್ತದೆ. ಕ್ರಿ.ಶ. 894ರಲ್ಲಿ ಗಂಗರ ಸಾಮಂತನೊಬ್ಬ ಗುಡಿ ಕಟ್ಟಿಸಿದನೆಂಬುದು ಪ್ರತೀತಿ. ಮುಂದೆ ಹೊಯ್ಸಳರು, ವಿಜಯನಗರದ ಅರಸರು ಅದನ್ನು ಬೆಳೆಸಿದರು. ಗುಡಿಗೆ ಸಮೀಪದಲ್ಲೇ ಅರಮನೆ ಇದ್ದ ಟಿಪ್ಪು ಸುಲ್ತಾನ್ ಬೆಳ್ಳಿಯ ಪಾತ್ರೆಗಳನ್ನು ಕಾಣಿಕೆಯಾಗಿ ಕೊಟ್ಟಿದ್ದಾನೆ.

ಆದರೆ ಜನರ ನಾಲಿಗೆಯ ಮೇಲೆ ಹೆಚ್ಚು ಉಳಿದಿರುವುದು ಒಬ್ಬ ಹೆಣ್ಣುಮಗಳ ಕಥೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಪ್ರತಿನಿಧಿಯ ಮಡದಿ ಅಲಮೇಲಮ್ಮ. ಆಕೆಯ ಒಡವೆಗಳನ್ನು ಮಂಗಳವಾರ, ಶುಕ್ರವಾರಗಳಂದು ರಂಗನಾಯಕಿ ಅಮ್ಮನವರಿಗೆ ತೊಡಿಸುವುದು ವಾಡಿಕೆಯಾಗಿತ್ತಂತೆ. ಪತಿ ತೀರಿಕೊಂಡ ಮೇಲೆ ಒಡವೆ ಒಪ್ಪಿಸುವಂತೆ ದೊರೆಯ ಆಳುಗಳು ಬೆನ್ನಟ್ಟಿದರು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದುದನ್ನು ಮಡಿಲಲ್ಲಿ ಕಟ್ಟಿಕೊಂಡು ಕಾವೇರಿಗೆ ಹಾರಿದಳು. ತಲಕಾಡು ಮರಳಲ್ಲಿ ಮುಚ್ಚಲಿ, ಮಾಲಂಗಿಯಲ್ಲಿ ಮಡು ಬೀಳಲಿ, ಮೈಸೂರು ದೊರೆಗಳಿಗೆ ಸಂತಾನವಾಗದಿರಲಿ ಎಂದು ಶಪಿಸಿದಳೆನ್ನುತ್ತಾರೆ.

ಚರಿತ್ರೆ ಇದನ್ನೆಲ್ಲ ಹಾಗೆಯೇ ಒಪ್ಪುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ನದಿಯ ಹರಿವು ಬದಲಾಗಿ, ಬಯಲಾದ ಮರಳು ಗಾಳಿಗೆ ತಲಕಾಡಿನ ಮೇಲೆ ಬಂದು ಬಿತ್ತೆಂದು ಸಂಶೋಧಕರು ವಿವರಿಸುತ್ತಾರೆ. ಮೈಸೂರು ವಂಶದಲ್ಲಿ ದತ್ತು ಸ್ವೀಕಾರ ಹಲವು ಸಲ ನಡೆದಿರುವುದು ನಿಜ. ಮಕ್ಕಳನ್ನು ಪಡೆದ ದೊರೆಗಳಿದ್ದದ್ದೂ ನಿಜ. ಜಯಚಾಮರಾಜ ಒಡೆಯರಿಗೆ 1953ರಲ್ಲಿ ಪುತ್ರ ಜನಿಸಿದ್ದನು. 2015ರಲ್ಲಿ ದತ್ತಕನಾಗಿ ಪಟ್ಟವೇರಿದ ಯದುವೀರರಿಗೆ 2017ರಲ್ಲಿ ಗಂಡುಮಗು ಹುಟ್ಟಿದಾಗ ಶಾಪ ಕಳೆಯಿತೆಂದು ಜನ ಸಂತೋಷಪಟ್ಟರು.

ಹಾಗಾದರೆ ಕಥೆ ಸುಳ್ಳೆಂದು ತಳ್ಳಿಬಿಡಬಹುದೆ? ಗೆದ್ದವರ ಹೆಸರಿಗೆ ಶಾಸನಗಳಿವೆ, ಬಿರುದುಗಳಿವೆ. ಸೋತ ಮನೆಯ ಹೆಂಗಸಿಗಾದ ಅನ್ಯಾಯವನ್ನು ಕಲ್ಲಿನಲ್ಲಿ ಕೆತ್ತುವವರು ಯಾರು? ಆ ಕೆಲಸವನ್ನು ಜನರ ಬಾಯಿ ಮಾಡಿತು. ಮೈಸೂರು ಅರಮನೆಯೂ ಅದನ್ನು ಅಲ್ಲಗಳೆಯಲಿಲ್ಲ. ಅಲಮೇಲಮ್ಮನ ಪ್ರತಿಮೆ ಮಾಡಿಸಿ ಪೂಜೆ ಸಲ್ಲಿಸುತ್ತ ಬಂದಿದೆ. ರಂಗನ ದರ್ಶನಕ್ಕೆ ಹೋದವರು ರಂಗನಾಯಕಿಯ ಸನ್ನಿಧಿಯಲ್ಲಿ ಒಂದು ಗಳಿಗೆ ನಿಂತು, ಆ ಒಡವೆಗಳ ಒಡತಿಯನ್ನೂ ನೆನೆದರೆ ತಪ್ಪಿಲ್ಲ.