ಕೆಂಪು ಕಣದ ಎರಡು ಬುದ್ಧಿ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ದಾರಿಯಲ್ಲಿ ಕೋರಮಂಡಲ್ ಸಿಗುತ್ತದೆ. ಸುತ್ತ ಕೆಜಿಎಫ್‌ನ ಸೈನೈಡ್ ಗುಡ್ಡಗಳು. ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ಬಳಸಿ ಚಿನ್ನ ತೆಗೆದುಕೊಂಡು ಬಿಸುಟ ಮಣ್ಣು ಉಳಿಯಿತು. ಕೇಳುಗರೇ, ಇವತ್ತು ಗಣಿಯ ಎರಡು ಸಾಮಗ್ರಿ, ಡೈನಮೈಟು ಮತ್ತು ಸೈನೈಡು, ಇವುಗಳ ಜಾಡು ಹಿಡಿದು ನಮ್ಮ ರಕ್ತದೊಳಕ್ಕೆ ಇಳಿಯೋಣ.

ಡೈನಮೈಟಿನಲ್ಲಿರುವುದು ನೈಟ್ರೊಗ್ಲಿಸರಿನ್. ಅದನ್ನು ಬರಿಗೈಲಿ ಮುಟ್ಟಿದರೆ ತಲೆ ಸಿಡಿಯುತ್ತದೆಂದು ಲೋಕದ ಗಣಿಗಾರರಿಗೆಲ್ಲ ಗೊತ್ತಿತ್ತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯೂ ಅದೇ. ಅದರಿಂದ ಮೈಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ. ನಮ್ಮ ನಾಳಗಳ ಒಳಪದರವೂ ಈ ಅನಿಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಅನಿಲದ ಕೆಲಸವನ್ನು ಬಿಡಿಸಿ ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು. ಡೈನಮೈಟು ಕಂಡುಹಿಡಿದ ನೊಬೆಲ್‌ಗೇ ಕೊನೆಗಾಲದಲ್ಲಿ ವೈದ್ಯರು ನೈಟ್ರೊಗ್ಲಿಸರಿನ್ ಬರೆದುಕೊಟ್ಟಿದ್ದರು!

ಈ ಅನಿಲಕ್ಕೆ ರಕ್ತದಲ್ಲಿ ಆಯುಸ್ಸು ಕಡಿಮೆ. ಕೆಂಪು ರಕ್ತಕಣದೊಳಗಿನ, ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಎದುರಾದರೆ ಕಣ್ಣು ಮಿಟುಕಿಸುವುದರೊಳಗೆ ನೈಟ್ರೇಟ್ ಆಗಿಬಿಡುತ್ತದೆ. ಒಂದು ಪಾಲು ಮಾತ್ರ ನೈಟ್ರೈಟ್ ರೂಪದಲ್ಲಿ ಉಳಿಯುತ್ತದೆ. ದಂಟು, ಪಾಲಕ್, ಬೀಟ್‌ರೂಟ್‌ಗಳ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿಕೊಡುವುದೂ ಉಂಟು.

ಕುತೂಹಲ ಇರುವುದು ಇಲ್ಲಿ. ಡ್ರಿಲ್ ಹಿಡಿದು ಬಂಡೆ ಕೊರೆಯುವವನ ತೋಳನ್ನು ನೆನೆಯಿರಿ. ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕ ಇಳಿಯುತ್ತದೆ, ಆಮ್ಲೀಯತೆ ಏರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಆಗ ಅದೇ ನೈಟ್ರೈಟನ್ನು ಮತ್ತೆ ನೈಟ್ರಿಕ್ ಆಕ್ಸೈಡಿಗೆ ತಿರುಗಿಸುತ್ತದೆ. ಅಂದರೆ ಅನಿಲವನ್ನು ನುಂಗುವ ಕಣವೇ, ರಕ್ತದ ರಾಸಾಯನಿಕ ಸ್ಥಿತಿ ಬದಲಾದಾಗ, ಅದನ್ನು ಹುಟ್ಟಿಸುತ್ತದೆ. ಹುಟ್ಟಿದ್ದು ಅಷ್ಟು ಹಿಮೋಗ್ಲೋಬಿನ್ ನಡುವೆ ತಪ್ಪಿಸಿಕೊಂಡು ಕಣದಿಂದಾಚೆ ಬರುವುದು ಹೇಗೆ? ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ಈ ಎರಡೂ ಕ್ರಿಯೆಗಳಲ್ಲಿ ಹಿಮೋಗ್ಲೋಬಿನ್ನಿನ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ. ಅದು ಆಮ್ಲಜನಕ ಹೊರಲಾರದು. ಕಣದೊಳಗಿನ ಕಿಣ್ವವೊಂದು ಅದನ್ನು ಸರಿಪಡಿಸುತ್ತಲೇ ಇರುವುದರಿಂದ ಆರೋಗ್ಯವಂತರಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಮೀರುವುದಿಲ್ಲ. ಎಳೆಗೂಸುಗಳಲ್ಲಿ ಕಿಣ್ವ ಕಡಿಮೆ. ಆದ್ದರಿಂದಲೇ, ಮೈಯಲ್ಲಿ ನೈಟ್ರೈಟ್ ಆಗಬಲ್ಲ ಕುಡಿಯುವ ನೀರಿನ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಮಾನಕ.

ಇನ್ನು ಸೈನೈಡು. ಜೀವಕೋಶಗಳ ಉಸಿರಾಟದ ಕಿಣ್ವವನ್ನು ಹಿಡಿದು ಅದು ಕೊಲ್ಲುತ್ತದೆ. ಅದಕ್ಕೆ ವೈದ್ಯರು ಕೊಡುವ ಹಳೆಯ ಮದ್ದು ಸೋಡಿಯಂ ನೈಟ್ರೈಟ್. ಬೇಕೆಂದೇ ಒಂದಿಷ್ಟು ಹಿಮೋಗ್ಲೋಬಿನ್ನನ್ನು ಕೆಡಿಸುತ್ತಾರೆ; ಸೈನೈಡು ಕಿಣ್ವವನ್ನು ಬಿಟ್ಟು ಈ ಮೆಟ್‌ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೊಡುವ ಥಯೋಸಲ್ಫೇಟ್ ಅದನ್ನು ಮೂತ್ರದ ದಾರಿ ಹಿಡಿಸುತ್ತದೆ.